ಓದುಗರ ಪ್ರಶ್ನೆಗೆ ಉತ್ತರ: ದನಿಯನ್ನು ಬರೆದ ಕೈ, ದನಿಯನ್ನು ಬರೆದ ಯಂತ್ರ

ಕಳೆದ ಎರಡು ತಿಂಗಳಲ್ಲಿ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳು ಶೀಘ್ರಲಿಪಿ (ಮಾತಿನ ವೇಗಕ್ಕೆ ಸಮನಾಗಿ ಗುರುತುಗಳಲ್ಲಿ ಬರೆಯುವ ಶಾರ್ಟ್‌ಹ್ಯಾಂಡ್) ಮತ್ತು ಧ್ವನಿಮುದ್ರಣಕ್ಕೆ ಸಂಬಂಧಿಸಿದವು. ಬರೆದವರು ಬೇರೆ ಬೇರೆ ಊರಿನವರು, ಅವರ ಪ್ರಶ್ನೆಗಳೂ ಬೇರೆಯವು. ಆದರೆ ಒಂದರ ಉತ್ತರವನ್ನು ಬಿಟ್ಟು ಇನ್ನೊಂದರ ಉತ್ತರ ಪೂರ್ಣವಾಗದು ಎನ್ನಿಸಿದ್ದರಿಂದ ನಾಲ್ಕನ್ನೂ ಈ ಸಂಚಿಕೆಯಲ್ಲಿ ಒಟ್ಟಿಗೇ ಎತ್ತಿಕೊಂಡಿದ್ದೇನೆ. ಹಲವು ವರ್ಷ ಶೀಘ್ರಲಿಪಿ ಕಲಿಸಿದವನಾದ್ದರಿಂದ ಕೆಲವೆಡೆ ಉತ್ತರ ಉದ್ದವಾಗಿದೆ, ಓದುಗರು ಸಹಿಸಿಕೊಳ್ಳಬೇಕು.

ಪ್ರಶ್ನೆ (ಶಿರಸಿಯ ಓದುಗರೊಬ್ಬರಿಂದ): ಹಳೆಯ ಇಂಗ್ಲಿಷ್ ನಿಘಂಟೊಂದರಲ್ಲಿ 'ಫೋನೋಗ್ರಫಿ' ಎಂಬ ಪದಕ್ಕೆ ಶೀಘ್ರಲಿಪಿ ಎಂಬ ಅರ್ಥವನ್ನು ಕೊಟ್ಟಿದ್ದಾರೆ. ಫೋನೋಗ್ರಾಫ್ ಎಂದರೆ ಎಡಿಸನ್ ಕಂಡುಹಿಡಿದ ಮಾತಾಡುವ ಯಂತ್ರವೆಂದೇ ನಾವು ಶಾಲೆಯಲ್ಲಿ ಓದಿದ್ದು. ಎರಡಕ್ಕೂ ಒಂದೇ ಹೆಸರು ಬಂದದ್ದು ಆಕಸ್ಮಿಕವೇ?

ಉತ್ತರ: ಆಕಸ್ಮಿಕವಲ್ಲ. ಗ್ರೀಕ್ ಭಾಷೆಯಲ್ಲಿ 'ಫೋನೆ' ಎಂದರೆ ದನಿ, 'ಗ್ರಾಫೆ' ಎಂದರೆ ಬರಹ. ಈ ಜೋಡಿಪದವನ್ನು ಜನರ ಬಾಯಿಗೆ ತಂದವರು ಲೇಖನಿ ಹಿಡಿದವರು; ಯಂತ್ರ ಕಟ್ಟಿದವರು ಆಮೇಲೆ ಬಂದರು.

1813ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್ ಸೀಮೆಯ ಟ್ರೋಬ್ರಿಜ್ ಎಂಬ ಊರಿನಲ್ಲಿ ಹುಟ್ಟಿದ ಐಸಾಕ್ ಪಿಟ್‌ಮನ್ ಶಾಲೆಯ ಉಪಾಧ್ಯಾಯರಾಗಿದ್ದರು. ಅವರು ಮೊದಲು ಕಲಿತದ್ದು ಸ್ಯಾಮ್ಯುಯೆಲ್ ಟೇಲರ್ 1786ರಲ್ಲಿ ಪ್ರಕಟಿಸಿದ್ದ ಶೀಘ್ರಲಿಪಿಯನ್ನು. ಅಂದಿನ ಶೀಘ್ರಲಿಪಿಗಳು ಬಹುಮಟ್ಟಿಗೆ ಇಂಗ್ಲಿಷ್ ಅಕ್ಷರಮಾಲೆಯನ್ನೇ ನೆಚ್ಚಿಕೊಂಡಿದ್ದವು: ಒಂದೊಂದು ಅಕ್ಷರಕ್ಕೆ ಚಿಕ್ಕದೊಂದು ಗುರುತು, ಸ್ವರಗಳನ್ನು ಸಾಧ್ಯವಾದಷ್ಟು ಕೈಬಿಡುವ ರೂಢಿ. ಇಂಗ್ಲಿಷಿನ ಕಾಗುಣಿತಕ್ಕೂ ಉಚ್ಚಾರಣೆಗೂ ಹೊಂದಿಕೆ ಎಷ್ಟು ಕಡಿಮೆಯೆಂಬುದನ್ನು ನಮ್ಮ ಮಕ್ಕಳನ್ನು ಕೇಳಿದರೆ ಸಾಕು. ಆ ಕಾಗುಣಿತವನ್ನು ಪೂರ್ತಿಯಾಗಿ ಬದಿಗಿಟ್ಟು, ಕಿವಿಗೆ ಬಿದ್ದ ದನಿಗೇ ಗುರುತನ್ನು ಕೊಡುವ ಹೊಸ ಪದ್ಧತಿಯನ್ನು ಪಿಟ್‌ಮನ್ 1837ರಲ್ಲಿ ನಾಲ್ಕು ಪೆನ್ನಿ ಬೆಲೆಯ ಪುಟ್ಟ ಪುಸ್ತಿಕೆಯಾಗಿ ಹೊರತಂದರು. ಅದರ ಹೆಸರು 'ಸ್ಟೆನೊಗ್ರಾಫಿಕ್ ಸೌಂಡ್-ಹ್ಯಾಂಡ್'. ಶಾರ್ಟ್‌ಹ್ಯಾಂಡ್ ಎಂಬ ಪದದಲ್ಲಿ 'ಶಾರ್ಟ್' ಇದ್ದ ಜಾಗಕ್ಕೆ 'ಸೌಂಡ್' ಬಂದು ಕೂತಿರುವುದನ್ನು ಗಮನಿಸಿ. ಅವರ ಗುರಿ ಏನಿತ್ತೆಂಬುದು ಆ ಒಂದು ಬದಲಾವಣೆಯಲ್ಲೇ ಇದೆ. 1840ರಲ್ಲಿ ಬಂದ ಎರಡನೆಯ ಆವೃತ್ತಿಗೆ ಅವರು ಇಟ್ಟ ಹೆಸರೇ 'ಫೋನೋಗ್ರಫಿ'. ಅದೇ ವರ್ಷ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಜಾರಿಗೆ ಬಂದಿತು; ಪಿಟ್‌ಮನ್ ತಮ್ಮ ಪದ್ಧತಿಯನ್ನು ಅಂಚೆಯಲ್ಲಿ ಕಳುಹಿಸಬಹುದಾದ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿ, ದೂರದ ವಿದ್ಯಾರ್ಥಿಗಳು ಬರೆದು ಕಳುಹಿಸಿದ ಪಾಠಗಳನ್ನು ತಿದ್ದಿ ಹಿಂದಿರುಗಿಸುತ್ತಿದ್ದರು. ಇಂದಿನ ಅಂಚೆ ಶಿಕ್ಷಣದ ಮೊದಲ ಮಾದರಿಗಳಲ್ಲಿ ಇದೂ ಒಂದು. ಈ ಪದ್ಧತಿಯಲ್ಲಿ ಬರೆಯುವವರನ್ನು ಜನ 'ಫೋನೋಗ್ರಾಫರ್' ಎಂದು ಕರೆದರು. ಎಡಿಸನ್ನರ ಯಂತ್ರ 1877ರಲ್ಲಿ ಬಂದಾಗ ಆ ಪದಕ್ಕೆ ನಲವತ್ತು ವರ್ಷ ತುಂಬುತ್ತಾ ಬಂದಿತ್ತು.

ಹೆಸರಿನ ಸಂಬಂಧಕ್ಕಿಂತ ಆಳವಾದ ಸಂಬಂಧವೊಂದು ಇವೆರಡರ ನಡುವೆ ಇದೆ. ಅದನ್ನು ತಿಳಿಯಲು ಪ್ಯಾರಿಸ್ಸಿಗೆ ಹೋಗಬೇಕು. ಅಲ್ಲಿ ಎದುವಾರ್-ಲಿಯೋಂ ಸ್ಕಾಟ್ ದ ಮಾರ್ಟಿನ್ವಿಲ್ ಎಂಬವರು ಮುದ್ರಣಾಲಯಗಳಲ್ಲಿ ಕರಡು ತಿದ್ದುವ ಕೆಲಸದಲ್ಲಿದ್ದರು. ಅವರು 1849ರಲ್ಲಿ ಶೀಘ್ರಲಿಪಿಯ ಇತಿಹಾಸವನ್ನೇ ಬರೆದು ಪ್ರಕಟಿಸಿದ್ದವರು. ಎಷ್ಟು ಚುರುಕಾದ ಕೈಯಾದರೂ ಮಾತಿನ ಹಿಂದೆ ಓಡುತ್ತಲೇ ಇರಬೇಕಾಗುತ್ತದೆ ಎಂಬುದನ್ನು ಚೆನ್ನಾಗಿ ಬಲ್ಲ ಅವರಿಗೆ, ಬೆಳಕು ಛಾಯಾಚಿತ್ರದಲ್ಲಿ ತನ್ನ ಗುರುತನ್ನು ತಾನೇ ಬಿಟ್ಟುಹೋಗುವಂತೆ ಮಾತು ಸಹ ತನ್ನನ್ನು ತಾನೇ ಬರೆದುಕೊಳ್ಳಬಾರದೇಕೆ ಎನ್ನಿಸಿತು. ಕಿವಿಯ ರಚನೆಯನ್ನೇ ಅನುಸರಿಸಿ ಅವರು ಒಂದು ಯಂತ್ರವನ್ನು ಕಟ್ಟಿದರು: ದನಿಯನ್ನು ಒಳಗೆ ತರುವ ಆಲಿಕೆಯಂಥ ಕೊಳವೆ, ಕಿವಿಯ ತಮಟೆಯಂತೆ ಅದುರುವ ತೆಳುಪೊರೆ, ಪೊರೆಗೆ ಅಂಟಿಸಿದ ಹಂದಿಯ ಬಿರುಗೂದಲು, ಅದು ಗೀರುವುದಕ್ಕೆ ದೀಪದ ಮಸಿ ಹಿಡಿಸಿದ ಕಾಗದ ಸುತ್ತಿದ ಉರುಳೆ. ಕೊಳವೆಯ ಮುಂದೆ ಮಾತಾಡುತ್ತಾ ಉರುಳೆಯನ್ನು ತಿರುಗಿಸಿದರೆ ಮಸಿಯ ಮೇಲೆ ಬಿಳಿಯ ಅಲೆಗೆರೆ ಮೂಡುತ್ತಿತ್ತು. 'ಫೋನಾಟೋಗ್ರಾಫ್' ಎಂಬ ಈ ಸಾಧನಕ್ಕೆ 1857ರ ಮಾರ್ಚ್‌ನಲ್ಲಿ ಅವರು ಪೇಟೆಂಟ್ ಪಡೆದರು.

ಆ ಗೆರೆಯಿಂದ ದನಿಯನ್ನು ಮತ್ತೆ ಹೊರಡಿಸಬೇಕೆಂಬ ಉದ್ದೇಶವೇ ಅವರಿಗೆ ಇರಲಿಲ್ಲ. ಜನ ಆ ಗೆರೆಯನ್ನು ಕಣ್ಣಿನಿಂದ ಓದಲು ಕಲಿಯುತ್ತಾರೆ, ಅದೇ ನಿಸರ್ಗದ ಶೀಘ್ರಲಿಪಿಯಾಗುತ್ತದೆ ಎಂಬುದು ಅವರ ನಂಬಿಕೆ. ಆ ನಂಬಿಕೆ ಫಲಿಸಲಿಲ್ಲ. ಏಕೆ ಫಲಿಸಲಿಲ್ಲ ಎಂಬುದನ್ನು ನಾನು ಪ್ರತಿ ತಂಡದ ವಿದ್ಯಾರ್ಥಿಗಳಿಗೂ ಮೊದಲ ವಾರದಲ್ಲೇ ಹೇಳುತ್ತಿದ್ದೆ, ಏಕೆಂದರೆ ಶೀಘ್ರಲಿಪಿ ಎಂದರೇನೆಂಬುದು ಅದರಿಂದಲೇ ಸ್ಪಷ್ಟವಾಗುತ್ತದೆ. ಮಸಿಯ ಮೇಲಿನ ಗೆರೆಯಲ್ಲಿ ಮಾತಿನ ಜೊತೆಗೆ ಮಾತಾಡಿದವರ ವಯಸ್ಸು, ಕಟ್ಟಿದ ಗಂಟಲು, ಕೋಪ, ಕೊಳವೆಯಿಂದ ಬಾಯಿ ಇದ್ದ ದೂರ, ಬೀದಿಯಲ್ಲಿ ಹಾದುಹೋದ ಗಾಡಿಯ ಸದ್ದು ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಬ್ಬರೇ ಒಂದೇ ಪದವನ್ನು ಎರಡು ಸಲ ಹೇಳಿದರೂ ಎರಡು ಗೆರೆಗಳು ಒಂದೇ ಬಗೆಯಾಗಿ ಇರುವುದಿಲ್ಲ. ಪಿಟ್‌ಮನ್ನರ ಗೆರೆಯಾದರೋ ಇವೆಲ್ಲವನ್ನೂ ಬಿಟ್ಟುಬಿಟ್ಟು, ಒಂದು ಮಾತನ್ನು ಇನ್ನೊಂದರಿಂದ ಬೇರ್ಪಡಿಸುವುದಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಹಿಡಿಯುತ್ತದೆ. ಯಂತ್ರವು ಏನನ್ನೂ ಬಿಡದ್ದರಿಂದ ಅದರ ಬರಹವನ್ನು ಓದಲಾಗಲಿಲ್ಲ. ಭಾಷೆ ಬಲ್ಲ ಕೈ ಬಹುಪಾಲನ್ನು ಬಿಟ್ಟದ್ದರಿಂದ ಅದರ ಬರಹವನ್ನು ಓದಲಾಯಿತು. ಇದೇ ಆಸೆಯನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಕೂಡ ಇಟ್ಟುಕೊಂಡಿದ್ದರು. ಕಿವುಡ ವಿದ್ಯಾರ್ಥಿಗಳು ತಮ್ಮ ಮಾತಿನ ಆಕಾರವನ್ನು ಕಣ್ಣಿನಿಂದ ನೋಡಿ ತಿದ್ದಿಕೊಳ್ಳಲೆಂದು ಅವರು 1874ರಲ್ಲಿ ಮೃತ ಮನುಷ್ಯನೊಬ್ಬನ ಕಿವಿಯನ್ನೇ ಬಳಸಿ ಇಂಥ ಸಾಧನವೊಂದನ್ನು ಮಾಡಿದರು. ಗೆರೆ ಓದಲು ಬರಲಿಲ್ಲ, ಆದರೆ ಆ ಪೊರೆಯ ಅದುರಾಟವನ್ನು ಕುರಿತ ಚಿಂತನೆ ಅವರನ್ನು ದೂರವಾಣಿಯ ಕಡೆಗೆ ಕೊಂಡೊಯ್ದಿತು.

ಎಡಿಸನ್ ಕಂಡುಕೊಂಡ ದಾರಿ ಬೇರೆ. ಅವರ ಮೊಳೆ ಮಸಿಯನ್ನು ಗೀರುವ ಬದಲು ತವರದ ತೆಳುಹಾಳೆಯಲ್ಲಿ ತಗ್ಗು-ದಿಣ್ಣೆಗಳನ್ನು ಒತ್ತಿತು. ಅದೇ ತಗ್ಗು-ದಿಣ್ಣೆಗಳ ಮೇಲೆ ಮೊಳೆಯನ್ನು ಮತ್ತೆ ಹಾಯಿಸಿದಾಗ ಪೊರೆ ಅದುರಿ ದನಿ ಹೊರಟಿತು. ಅಲ್ಲಿಗೆ ಕಣ್ಣಿನಿಂದ ಓದುವ ಅಗತ್ಯವೇ ಇಲ್ಲವಾಯಿತು. ಆದರೂ ಶೀಘ್ರಲಿಪಿಯ ನೆರಳು ಅವರನ್ನೂ ಬಿಡಲಿಲ್ಲ. ಈ ಯಂತ್ರದಿಂದ ಏನೇನು ಉಪಯೋಗವಾದೀತೆಂದು 1878ರಲ್ಲಿ ಅಮೆರಿಕದ ನಿಯತಕಾಲಿಕವೊಂದರಲ್ಲಿ ಎಡಿಸನ್ ಬರೆದ ಪಟ್ಟಿಯಲ್ಲಿ ಮೊದಲನೆಯದು, ಶೀಘ್ರಲಿಪಿಗಾರರ ಸಹಾಯವಿಲ್ಲದೆ ಪತ್ರ ಬರೆಸುವುದು ಮತ್ತು ಉಕ್ತಲೇಖನ ಕೊಡುವುದು. ಸಂಗೀತ ಆ ಪಟ್ಟಿಯಲ್ಲಿ ಅದರ ನಂತರ ಬರುತ್ತದೆ. ಮೇಣದ ಉರುಳೆಯ ಮೇಲೆ ದನಿ ಮುದ್ರಿಸುವ ಗ್ರಾಫೋಫೋನ್ ಎಂಬ ಯಂತ್ರ ಬಂದಾಗ ಅದನ್ನು ತಯಾರಿಸಿ ಮಾರಲು ಮುಂದೆ ಬಂದವರಲ್ಲಿ ವಾಷಿಂಗ್ಟನ್ನಿನ ನ್ಯಾಯಾಲಯದ ಕಲಾಪಗಳನ್ನು ಶೀಘ್ರಲಿಪಿಯಲ್ಲಿ ಬರೆಯುತ್ತಿದ್ದವರೇ ಇದ್ದರು.

ಸ್ಕಾಟ್ ಅವರ ಗೆರೆಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. 1860ರ ಏಪ್ರಿಲ್ 9ರಂದು ಅವರು ಮಸಿಯ ಮೇಲೆ ಮೂಡಿಸಿದ್ದ ಫ್ರೆಂಚ್ ಜನಪದ ಹಾಡಿನ ತುಣುಕೊಂದನ್ನು 2008ರಲ್ಲಿ ಅಮೆರಿಕದ ಸಂಶೋಧಕರು ಗಣಕದ ನೆರವಿನಿಂದ ದನಿಯಾಗಿ ಪರಿವರ್ತಿಸಿದರು. ಮೊದಲು ಅದನ್ನು ಇಮ್ಮಡಿ ವೇಗದಲ್ಲಿ ನುಡಿಸಿದ್ದರಿಂದ ಹುಡುಗಿಯೊಬ್ಬಳ ಹಾಡೆಂದು ಭಾವಿಸಲಾಗಿತ್ತು. ಮರುವರ್ಷ ಆ ತಪ್ಪು ತಿದ್ದಿಕೊಂಡಾಗ, ಅದು ನಿಧಾನವಾಗಿ ಹಾಡುತ್ತಿರುವ ಗಂಡಸಿನ ದನಿ, ಬಹುಶಃ ಸ್ವತಃ ಸ್ಕಾಟ್ ಅವರದೇ ಎಂದು ತಿಳಿಯಿತು. ಹಾಡಿನ ಗೆರೆಯ ಪಕ್ಕದಲ್ಲೇ, ಒಂದೇ ವೇಗದಲ್ಲಿ ಅದುರುವ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಕಂಪನವನ್ನೂ ಅವರು ಬರೆಸಿಟ್ಟಿದ್ದರಿಂದ, ಕೈಯಿಂದ ತಿರುಗಿಸಿದ ಉರುಳೆಯ ಏರುಪೇರನ್ನು ಅಳೆದು ಸರಿಪಡಿಸುವುದು ಸಾಧ್ಯವಾಯಿತು. ಯಾರೂ ಓದಲಾರದೆ 148 ವರ್ಷ ಉಳಿದ ಬರಹವದು. ಆ ತುಣುಕನ್ನು ಮೊದಲ ಸಲ ಕೇಳಿದ ದಿನ ನಾನು ಬೇರೆ ಕೆಲಸವನ್ನು ಮಾಡಲಾಗದೆ ಸುಮ್ಮನೆ ಕುಳಿತಿದ್ದೆ.

ಪ್ರಶ್ನೆ (ಧಾರವಾಡದ ವಿದ್ಯಾರ್ಥಿನಿಯಿಂದ): ಬೆರಳಚ್ಚಿನ ಜೊತೆಗೆ ಇಂಗ್ಲಿಷ್ ಶೀಘ್ರಲಿಪಿಯನ್ನೂ ಕಲಿಯುತ್ತಿದ್ದೇನೆ. ಒಂದೇ ಗೆರೆಯನ್ನು ತೆಳುವಾಗಿ ಎಳೆದರೆ ಒಂದು ವ್ಯಂಜನ, ಒತ್ತಿ ಎಳೆದರೆ ಇನ್ನೊಂದು ಎನ್ನುತ್ತಾರೆ. ಇದನ್ನೆಲ್ಲ ಬಾಯಿಪಾಠ ಮಾಡಲೇಬೇಕೇ? ಕನ್ನಡ ಬಲ್ಲವರಿಗೆ ಇದು ಸುಲಭವೆಂದು ನಮ್ಮ ಗುರುಗಳು ಹೇಳಿದರು, ಕಾರಣವನ್ನು ವಿವರಿಸಲು ಸಮಯವಿರಲಿಲ್ಲ. ಕನ್ನಡ ಶೀಘ್ರಲಿಪಿಯನ್ನೂ ಮುಂದೆ ಕಲಿಯುವ ಆಸೆ ಇದೆ.

ಉತ್ತರ: ನಿಮ್ಮ ಗುರುಗಳು ಹೇಳಿದ್ದು ಸರಿಯಾಗಿದೆ, ಮತ್ತು ಕಾರಣ ನೀವು ಒಂದನೆಯ ತರಗತಿಯಲ್ಲೇ ಕಲಿತದ್ದು. ಪಿಟ್‌ಮನ್ ಪದ್ಧತಿಯ ಮೊದಲ ಎಂಟು ವ್ಯಂಜನಗಳನ್ನು ಕನ್ನಡದಲ್ಲಿ ಬರೆದುಕೊಳ್ಳಿ: ಪ್, ಬ್, ಟ್, ಡ್, ಚ್, ಜ್, ಕ್, ಗ್. ಈಗ ಇದನ್ನು ಕೊನೆಯಿಂದ ಓದಿ. ಕವರ್ಗ, ಚವರ್ಗ, ಟವರ್ಗ, ಪವರ್ಗ! ನಮ್ಮ ವರ್ಣಮಾಲೆ ಗಂಟಲ ಕಡೆಯಿಂದ ಹೊರಟು ತುಟಿಗೆ ಬರುತ್ತದೆ, ಪಿಟ್‌ಮನ್ ತುಟಿಯಿಂದ ಹೊರಟು ಗಂಟಲಿಗೆ ಹೋಗುತ್ತಾರೆ. ಬಾಯಿ ಎಲ್ಲ ಮನುಷ್ಯರಿಗೂ ಒಂದೇ ಆದ್ದರಿಂದ, ಅದನ್ನು ಶ್ರದ್ಧೆಯಿಂದ ಗಮನಿಸಿದವರು ಒಂದೇ ಸಾಲನ್ನು ಕಂಡಿದ್ದಾರೆ. ಇಂಗ್ಲಿಷ್ ಮಗು ಈ ಸಾಲನ್ನು ಹೊಸದಾಗಿ ಕಲಿಯಬೇಕು, ಏಕೆಂದರೆ ಅದರ ಅಕ್ಷರಮಾಲೆಯಲ್ಲಿ ಬಿ ಇರುವುದು ಎರಡನೆಯ ಜಾಗದಲ್ಲಿ, ಪಿ ಇರುವುದು ಹದಿನಾರನೆಯ ಜಾಗದಲ್ಲಿ. ಪ ಮತ್ತು ಬ ಒಂದೇ ಮನೆಯವು ಎಂಬುದು ನಮಗೆ ಹೇಳಿಕೊಡದೆಯೇ ಗೊತ್ತು.

ತೆಳು ಮತ್ತು ದಪ್ಪದ ಗುಟ್ಟು ಇಷ್ಟೇ. ಎರಡೂ ಅಂಗೈಗಳಿಂದ ಕಿವಿಗಳನ್ನು ಮುಚ್ಚಿಕೊಂಡು, ಸ್ವರ ಸೇರಿಸದೆ 'ಸ್‌ಸ್‌ಸ್' ಎನ್ನಿ. ಆಮೇಲೆ ಇಂಗ್ಲಿಷಿನ 'ಝೂ' ಪದದ ಮೊದಲ ದನಿಯನ್ನು ಹಾಗೆಯೇ ಎಳೆಯಿರಿ. ಎರಡನೆಯದರಲ್ಲಿ ತಲೆಯೊಳಗೆ ಜೇನು ಮೊರೆದಂತೆ ಕೇಳಿಸುತ್ತದೆ. ಗಂಟಲಿನ ಧ್ವನಿತಂತುಗಳು ಅದುರುವುದೇ ಅದಕ್ಕೆ ಕಾರಣ. ವ್ಯಾಕರಣದಲ್ಲಿ ಹೀಗೆ ಮೊರೆಯುವ ದನಿ ಘೋಷ, ಮೊರೆಯದ್ದು ಅಘೋಷ. ಪ, ಟ, ಚ, ಕ ಅಘೋಷಗಳು. ಬ, ಡ, ಜ, ಗ ಘೋಷಗಳು. ಬಾಯಿ ಮಾಡುವ ಕೆಲಸ ಒಂದೇ ಆದ್ದರಿಂದ ಗೆರೆಯ ದಿಕ್ಕೂ ಒಂದೇ. ಗಂಟಲಿನ ಮೊರೆತ ಸೇರಿದ್ದರಿಂದ ಗೆರೆ ದಪ್ಪ. ಟ್‌ಗೆ ನೇರವಾಗಿ ಇಳಿಯುವ ಗೆರೆ, ಕ್‌ಗೆ ಅಡ್ಡಗೆರೆ, ಪ್ ಮತ್ತು ಚ್‌ಗಳಿಗೆ ಎದುರುಬದುರಾಗಿ ಓರೆಯಾಗುವ ಗೆರೆಗಳು. ಈ ಒಂದು ನಿಯಮವನ್ನು ಅರಿತರೆ ಎಂಟು ಗುರುತುಗಳ ಬದಲು ನಾಲ್ಕನ್ನು ನೆನಪಿಟ್ಟರೆ ಸಾಕು. ಅನುನಾಸಿಕಗಳಿಗೆ ಮಾತ್ರ ಈ ನಿಯಮವನ್ನು ಹಚ್ಚಬೇಡಿ, ಅಲ್ಲಿ ದಪ್ಪಗೆರೆಗೆ ಬೇರೆ ಅರ್ಥವಿದೆ: ತೆಳು ಬಾಗುಗೆರೆ ನ್ ಆದರೆ, ಅದೇ ದಪ್ಪವಾದಾಗ ಙ್.

ಸ್ವರಗಳ ವಿಷಯದಲ್ಲೂ ಕನ್ನಡದ ಕಿವಿ ನಿಮ್ಮ ಕೈ ಹಿಡಿಯುತ್ತದೆ. ಗೆರೆಯ ಆರಂಭ, ನಡು, ಕೊನೆ ಎಂಬ ಮೂರು ಸ್ಥಾನಗಳಲ್ಲಿ ಚುಕ್ಕಿ ಅಥವಾ ಕಿರುಗೀಟನ್ನು ಇಟ್ಟು ಸ್ವರವನ್ನು ತೋರಿಸುತ್ತಾರೆ. ಸಣ್ಣ ಚುಕ್ಕಿ ಹ್ರಸ್ವಕ್ಕೆ, ದಪ್ಪ ಚುಕ್ಕಿ ದೀರ್ಘಕ್ಕೆ. ಇ-ಈ, ಎ-ಏ ಜೋಡಿಗಳನ್ನು ಎಣಿಸುತ್ತಾ ಬೆಳೆದವರಿಗೆ ಇದರಲ್ಲಿ ಕಷ್ಟವಿಲ್ಲ.

ಕಷ್ಟ ಬರುವುದು ಕನ್ನಡವನ್ನೇ ಈ ಬಗೆಯಲ್ಲಿ ಬರೆಯಹೊರಟಾಗ. ವೇಗ ಹೆಚ್ಚಿದಂತೆ ಶೀಘ್ರಲಿಪಿಗಾರರು ಸ್ವರಗುರುತುಗಳನ್ನು ಬಿಡುತ್ತಾ ಹೋಗಿ, ವ್ಯಂಜನಗಳ ಎಲುಬುಗೂಡನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಗೆರೆಯನ್ನು ಕಾಗದದ ಸಾಲಿನ ಮೇಲೆ, ಸಾಲಿಗೆ ತಾಗಿಸಿ ಅಥವಾ ಸಾಲನ್ನು ದಾಟಿಸಿ ಬರೆದು ಮೊದಲ ಸ್ವರವನ್ನು ಸೂಚಿಸುತ್ತಾರೆ. ಕನ್ನಡದಲ್ಲಿ ಕ್ ಮತ್ತು ಲ್ ಎಂಬ ಎಲುಬುಗೂಡು ಮಾತ್ರ ಉಳಿದರೆ ಅದು ಕಲ್ಲು, ಕಾಲು, ಕೀಲು, ಕೂಲಿ, ಕೋಲು ಯಾವುದೂ ಆಗಬಹುದು. ನಮ್ಮ ವಿಭಕ್ತಿಯೂ ಕ್ರಿಯಾಪದದ ಕೊನೆಯೂ ಸ್ವರವನ್ನೇ ಆಧರಿಸಿವೆ. 'ಬಂದನು' ಮತ್ತು 'ಬಂದೆನು' ಎಂಬ ಎರಡು ಪದಗಳ ನಡುವೆ ಇರುವುದು ಒಂದೇ ಸ್ವರದ ಅಂತರ. ಆದ್ದರಿಂದ ಕನ್ನಡ ಬರೆಯುವವರು ಇಂಗ್ಲಿಷ್ ಬರೆಯುವವರಿಗಿಂತ ಹೆಚ್ಚು ಸ್ವರಗಳನ್ನು ಗುರುತಿಸಲೇಬೇಕು ಎಂಬುದು ನನ್ನ ಅಭಿಪ್ರಾಯ. ಜೊತೆಗೆ ಇಂಗ್ಲಿಷಿಗೆ ಬೇಡವಾದ ತ-ಟ, ದ-ಡ, ಲ-ಳ ವ್ಯತ್ಯಾಸಗಳು ನಮಗೆ ಬೇಕು, ಮಹಾಪ್ರಾಣಗಳೂ ಬೇಕು. ಮಹಾಪ್ರಾಣದ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ವೇದಿಕೆಯ ಮೇಲಿರುವವರು 'ಬೂಮಿ' ಎಂದೇ ಉಚ್ಚರಿಸಿರಬಹುದು, ನೀವು ಬೆರಳಚ್ಚು ಮಾಡುವಾಗ 'ಭೂಮಿ' ಎಂದೇ ಬರಬೇಕು. 'ಆಲು' ಎಂದು ಕೇಳಿಸಿದ್ದು ಸಂದರ್ಭವನ್ನು ನೋಡಿ 'ಹಾಲು' ಆಗಬೇಕು. ದನಿಯನ್ನು ಬರೆಯುತ್ತೇವೆಂದು ಹೇಳುವಾಗಲೂ ನಾವು ಕೇಳುವುದು ಪದವನ್ನು. ಭಾಷೆಯನ್ನು ಚೆನ್ನಾಗಿ ಓದಿಕೊಂಡಿರದ ಶೀಘ್ರಲಿಪಿಗಾರರಿಗೆ ತಮ್ಮ ಟಿಪ್ಪಣಿಯೇ ಶತ್ರುವಾಗುತ್ತದೆ. ದಿನಕ್ಕೊಂದು ಗಂಟೆ ಗೆರೆಗಳ ಅಭ್ಯಾಸ ಮಾಡಿದರೆ, ಅರ್ಧ ಗಂಟೆಯಾದರೂ ಒಳ್ಳೆಯ ಗದ್ಯವನ್ನು ಗಟ್ಟಿಯಾಗಿ ಓದಿ.

ಕೇಂದ್ರ ಸರ್ಕಾರದ ಸಿಬ್ಬಂದಿ ಆಯ್ಕೆ ಆಯೋಗದ ಪರೀಕ್ಷೆಯಲ್ಲಿ 'ಡಿ' ದರ್ಜೆಗೆ ನಿಮಿಷಕ್ಕೆ 80 ಪದಗಳಂತೆ, 'ಸಿ' ದರ್ಜೆಗೆ 100 ಪದಗಳಂತೆ ಹತ್ತು ನಿಮಿಷ ಉಕ್ತಲೇಖನ ಇರುತ್ತದೆ. ಈ ಸಂಖ್ಯೆಯನ್ನು ನೋಡಿ ಹೆದರಬೇಕಿಲ್ಲ, ಆರಂಭದಲ್ಲೇ ವೇಗದ ಹಿಂದೆ ಬೀಳಲೂಬಾರದು. ಗೆರೆಯ ಅಳತೆ ಕೆಟ್ಟರೆ ಈ ಪದ್ಧತಿಯಲ್ಲಿ ಅರ್ಥವೇ ಕೆಡುತ್ತದೆ, ಏಕೆಂದರೆ ಅರ್ಧ ಉದ್ದದ ಗೆರೆಗೆ ಟ್ ಅಥವಾ ಡ್ ಸೇರಿಕೊಂಡಿದೆ ಎಂಬ ಅರ್ಥ ಬರುತ್ತದೆ.

ಪ್ರಶ್ನೆ (ಬೆಳಗಾವಿಯ ಓದುಗರೊಬ್ಬರಿಂದ): ಗೌಹರ್ ಜಾನ್ ಅವರ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಹಾಡು ಮುಗಿಯುತ್ತಲೇ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಾರೆ. ಇದೇಕೆ?

ಉತ್ತರ: ಮೊದಲ ಪ್ರಶ್ನೆಗೆ ಕೊಟ್ಟ ಉತ್ತರದಲ್ಲೇ ಇದರ ಕಾರಣವೂ ಇದೆ. ತಟ್ಟೆಯ ಮೇಲಿನ ಗೆರೆಯನ್ನು ಯಾರೂ ಕಣ್ಣಿನಿಂದ ಓದಲಾರರು. 1902ರ ನವೆಂಬರ್‌ನಲ್ಲಿ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕರಾದ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡಾಗ ಮೂಲಫಲಕಗಳು ಜರ್ಮನಿಯ ಹ್ಯಾನೋವರ್ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಿ ಅಚ್ಚಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಯಾವ ಫಲಕ ಯಾರದೆಂದು ತಿಳಿದು ಸರಿಯಾದ ಹೆಸರಿನ ಚೀಟಿ ಅಂಟಿಸಲು ಅನುಕೂಲವಾಗಲೆಂದು ಗಾಯಕಿಯೇ ತಮ್ಮ ಗುರುತನ್ನು ದನಿಯಲ್ಲಿ ಹೇಳಿಟ್ಟರು. ಆ ಕಂಪನಿಯ ಅಂದಿನ ಹೆಸರು 'ಗ್ರಾಮಫೋನ್ ಅಂಡ್ ಟೈಪ್‌ರೈಟರ್' ಎಂದಿತ್ತು. ಹಾಡುವ ತಟ್ಟೆಯೂ ಬೆರಳಚ್ಚು ಯಂತ್ರವೂ ಒಂದೇ ಅಂಗಡಿಯ ಸರಕಾಗಿದ್ದ ಕಾಲವದು. ಗೌಹರ್ ಜಾನ್ ತಮ್ಮ ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ 1928ರಲ್ಲಿ ಅವರನ್ನು ಆಸ್ಥಾನಕ್ಕೆ ಬರಮಾಡಿಕೊಂಡರು. 1930ರ ಜನವರಿಯಲ್ಲಿ ಅವರು ಅಲ್ಲೇ ತೀರಿಕೊಂಡರು.

ಪ್ರಶ್ನೆ (ಮೈಸೂರಿನ ಓದುಗರೊಬ್ಬರಿಂದ): ನಮ್ಮ ತಂದೆಯವರು ಕಚೇರಿಯೊಂದರಲ್ಲಿ ಶೀಘ್ರಲಿಪಿಗಾರರಾಗಿದ್ದರು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಅವರ ಹನ್ನೊಂದು ಟಿಪ್ಪಣಿ ಪುಸ್ತಕಗಳು ಸಿಕ್ಕಿವೆ. ಎರಡರಲ್ಲಿ ಅಲ್ಲಲ್ಲಿ ನಮ್ಮ ಹೆಸರುಗಳು ಕನ್ನಡದಲ್ಲಿವೆ, ಉಳಿದದ್ದೆಲ್ಲ ಗೆರೆಗಳೇ. ಅವರ ದನಿಯ ಮುದ್ರಣ ಒಂದೂ ನಮ್ಮಲ್ಲಿಲ್ಲ. ಈ ಪುಸ್ತಕಗಳನ್ನು ಓದಿಸಲು ಸಾಧ್ಯವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. 'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ನಮ್ಮ ವೃತ್ತಿಯವರು ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಓದಿಸಲು ಸಾಧ್ಯವಿದೆ, ಆದರೆ ತಾಳ್ಮೆ ಬೇಕು.

ಒಂದು ದೃಷ್ಟಾಂತವನ್ನು ಹೇಳುತ್ತೇನೆ. ಇಂಗ್ಲೆಂಡಿನ ಸ್ಯಾಮ್ಯುಯೆಲ್ ಪೀಪ್ಸ್ 1660ರಿಂದ 1669ರವರೆಗೆ ಬರೆದ ದಿನಚರಿ ಥಾಮಸ್ ಶೆಲ್ಟನ್ ಎಂಬವರ ಶೀಘ್ರಲಿಪಿಯಲ್ಲಿತ್ತು. ಕೇಂಬ್ರಿಜ್‌ನ ಮ್ಯಾಗ್ಡಲೀನ್ ಕಾಲೇಜಿನಲ್ಲಿ ಅದು ಸುಮಾರು ನೂರು ವರ್ಷ ಮೂಕವಾಗಿ ಕುಳಿತಿತ್ತು. 1819ರಲ್ಲಿ ಜಾನ್ ಸ್ಮಿತ್ ಎಂಬ ವಿದ್ಯಾರ್ಥಿ ಅದನ್ನು ಬಿಡಿಸಲು ಕುಳಿತು ಮೂರು ವರ್ಷ ದುಡಿದರು. ಆ ಶೀಘ್ರಲಿಪಿಯ ಕೈಪಿಡಿ ಪೀಪ್ಸ್ ಅವರ ಅದೇ ಪುಸ್ತಕ ಸಂಗ್ರಹದಲ್ಲಿತ್ತು. ಅದು ಸ್ಮಿತ್ ಅವರಿಗೆ ತಿಳಿದಿರಲಿಲ್ಲ. ಆದ್ದರಿಂದ ನಿಮ್ಮ ಮೊದಲ ಕೆಲಸ, ತಂದೆಯವರು ಕಲಿತ ಪಠ್ಯಪುಸ್ತಕ ಅದೇ ಪೆಟ್ಟಿಗೆಯಲ್ಲೋ ಅಟ್ಟದ ಮೇಲೋ ಇದೆಯೇ ಎಂದು ಹುಡುಕುವುದು. ಗೆರೆಗಳಲ್ಲಿ ತೆಳು-ದಪ್ಪದ ವ್ಯತ್ಯಾಸ ಕಂಡರೆ, ಪದಗಳು ಸಾಲಿನ ಮೇಲೂ ಸಾಲನ್ನು ದಾಟಿಯೂ ಇದ್ದರೆ ಅದು ಪಿಟ್‌ಮನ್ ಎಂದು ಹೆಚ್ಚುಕಡಿಮೆ ನಿಶ್ಚಯಿಸಬಹುದು. ಎಲ್ಲ ಗೆರೆಗಳೂ ಒಂದೇ ದಪ್ಪವಾಗಿದ್ದು, ಉದ್ದ-ಗಿಡ್ಡದ ವ್ಯತ್ಯಾಸ ಮಾತ್ರ ಎದ್ದು ಕಂಡರೆ ಅದು ಜಾನ್ ರಾಬರ್ಟ್ ಗ್ರೆಗ್ 1888ರಲ್ಲಿ ತಂದ ಪದ್ಧತಿಯಾಗಿರಬಹುದು.

ಆಮೇಲೆ ಆ ಪದ್ಧತಿಯನ್ನು ಬಲ್ಲ ನಿವೃತ್ತರೊಬ್ಬರನ್ನು ಹುಡುಕಿ. ತಂದೆಯವರ ಜೊತೆ ಕೆಲಸ ಮಾಡಿದವರಿದ್ದರೆ ಅವರೇ ಎಲ್ಲರಿಗಿಂತ ಮೇಲು, ಏಕೆಂದರೆ ಪ್ರತಿ ಕಚೇರಿಯಲ್ಲೂ ಪದೇ ಪದೇ ಬರುವ ಪದಗುಚ್ಛಗಳಿಗೆ ಅವರವರೇ ಮಾಡಿಕೊಂಡ ಸಂಕೇತಗಳಿರುತ್ತವೆ. ಹೊರಗಿನವರಿಗೆ ಅವು ಹೊಳೆಯುವುದಿಲ್ಲ. ಅವರ ಬಳಿಗೆ ಹೋಗುವಾಗ ಅದೇ ವರ್ಷಗಳ ಬೆರಳಚ್ಚಿನ ಪತ್ರಗಳೋ ತಂದೆಯವರು ಸಾಮಾನ್ಯ ಅಕ್ಷರದಲ್ಲಿ ಬರೆದ ಕಾಗದಗಳೋ ಇದ್ದರೆ ಜೊತೆಗೆ ಕೊಂಡೊಯ್ಯಿರಿ. ಒಂದು ಪತ್ರ ಟಿಪ್ಪಣಿಯ ಒಂದು ಪುಟಕ್ಕೆ ಹೊಂದಿಕೊಂಡರೂ ಉಳಿದ ಪುಟಗಳಿಗೆ ಅದು ಬೀಗದಕೈಯಾಗುತ್ತದೆ. ಮೊದಲು ನಿಮ್ಮ ಹೆಸರುಗಳಿರುವ ಎರಡು ಪುಸ್ತಕಗಳನ್ನೇ ಕೊಡಿ. ಕಚೇರಿಯ ಉಕ್ತಲೇಖನದ ನಡುವೆ ಮನೆಯವರ ಹೆಸರು ಬರುವುದು ಅಪರೂಪವಾದ್ದರಿಂದ ಆ ಪುಟಗಳು ಅವರ ಸ್ವಂತ ಬರಹವಾಗಿರುವ ಸಂಭವ ಹೆಚ್ಚು. ಅವುಗಳಲ್ಲಿ ಅವರ ದನಿಯ ಏರಿಳಿತ ಸಿಗದು, ಅವರು ಆರಿಸಿದ ಮಾತುಗಳು ಸಿಗುತ್ತವೆ. ತಪ್ಪಿದ ಕಡೆ ಅವರು ಹೊಡೆದುಹಾಕಿದ ಗೆರೆಗಳೂ ಸಿಗುತ್ತವೆ.

ಇವೆಲ್ಲಕ್ಕೂ ಮುಂಚೆ, ಇದೇ ವಾರದಲ್ಲಿ, ಪುಸ್ತಕಗಳನ್ನು ಹೊಲಿಗೆ ಬಿಚ್ಚದೆ, ಹಗಲು ಬೆಳಕಿನಲ್ಲಿ ಪ್ರತಿ ಪುಟದ ಛಾಯಾಚಿತ್ರವನ್ನು ತೆಗೆದಿಟ್ಟುಕೊಳ್ಳಿ. ಪೆನ್ಸಿಲಿನ ಬರಹವಾದರೆ ಪುಟಗಳನ್ನು ಬೆರಳಿನಿಂದ ಸವರಬೇಡಿ. ಪೆನ್ಸಿಲ್ ಉಜ್ಜಿಹೋದಾಗ ಮೊದಲು ಅಳಿಸಿಹೋಗುವುದು ತೆಳು ಮತ್ತು ದಪ್ಪದ ನಡುವಿನ ವ್ಯತ್ಯಾಸವೇ. ಆಗ ಪಕಾರ ಬಕಾರಗಳನ್ನು ಬೇರ್ಪಡಿಸುವುದು ತಂದೆಯವರ ಸಹೋದ್ಯೋಗಿಗಳಿಗೂ ಕಷ್ಟವಾಗುತ್ತದೆ.